ಸಹಿಯ ಕೆಳಗಿನ ಜಾಗ

ಹಾಸ್ಟೆಲ್, ರೂಮ್ ನಂಬರ್ ಹದಿನಾಲ್ಕು
ಭಾನುವಾರ, ನವೆಂಬರ್ 3

ಪ್ರೀತಿಯ ಅಮ್ಮ,

ಮೊದಲು ಬೈದುಬಿಡು, ಆಮೇಲೆ ಓದು. ನಿನ್ನ ಎರಡೂ ಕಾಗದಗಳು ನನ್ನ ದಿಂಬಿನ ಕೆಳಗಿವೆ. ಉತ್ತರ ಬರೆಯದ ತಪ್ಪಿಗೆ ಅವು ದಿನಾ ಕಿವಿಯ ಹತ್ತಿರ ಸರಬರ ಅನ್ನುತ್ತವೆ. ನಾನು ಚೆನ್ನಾಗಿದ್ದೇನೆ. ನೀನು, ಸಣ್ಣಿ, ನಿನ್ನ ಬಸ್ಸು ಮೂವರೂ ಚೆನ್ನಾಗಿದ್ದೀರಿ ಎಂದುಕೊಂಡಿದ್ದೇನೆ. ಕ್ಲಚ್ಚು ಸರಿಹೋಯಿತಾ? ಡಿಪೋದವರು ಈ ಸಲವಾದರೂ ಹೊಸದು ಹಾಕಿದರಾ, ಇಲ್ಲ ಹಳೆಯದಕ್ಕೇ ಎಣ್ಣೆ ಸವರಿ ‘ಹೋಗಮ್ಮ’ ಅಂದರಾ?

ಫೋನ್ ಮಾಡಬಹುದಿತ್ತಲ್ಲ ಅಂತ ಸಣ್ಣಿ ಕೇಳುತ್ತಾಳೆ. ನಮ್ಮಿಬ್ಬರ ಫೋನು ಹೇಗಿರುತ್ತದೆ ಎಂದು ತಂಗಿಗೇನು ಗೊತ್ತು? ‘ಊಟ ಆಯ್ತಾ?’ ‘ಆಯ್ತು.’ ‘ಮತ್ತೆ?’ ‘ಮತ್ತೇನಿಲ್ಲ.’ ಅಷ್ಟರಲ್ಲಿ ಹಿಂದಿನಿಂದ ಕಂಡಕ್ಟರ್ ಮಾವ ಸೀಟಿ ಊದುತ್ತಾರೆ, ನೀನು ಗೇರ್ ಹಾಕುತ್ತೀಯ. ಆರನೇ ವಯಸ್ಸಿನಿಂದ ಹಾಸ್ಟೆಲ್ ಅನ್ನ ತಿಂದವಳಿಗೆ ಮಾತು ಬರುವುದು ಕಾಗದದ ಮೇಲೆಯೇ. ಅದೂ ಅರ್ಧ ಇಂಗ್ಲಿಷಿನಲ್ಲಿ ಬರುತ್ತದೆ. ಹೋದ ಸಲ ನೀನು ‘ಇದು ಕನ್ನಡಾನೋ ಬಿಸ್ಕತ್ ಡಬ್ಬದ ಮೇಲಿನ ಬರಹಾನೋ’ ಎಂದು ಬರೆದಿದ್ದೆ. ಅದನ್ನು ರೂಮ್‌ಮೇಟಿಗೆ ಓದಿ ಹೇಳಿದೆ, ಅವಳು ಮಂಚದಿಂದ ಬಿದ್ದಳು. ಈ ಸಲ ಟ್ರೈ ಮಾಡುತ್ತೇನೆ. (ನೋಡು, ಆಗಲೇ ಬಂತು.)

ಆ ರೂಮ್‌ಮೇಟ್ ಹೆಸರು ಗೂಬೆ. ಹೆಸರಲ್ಲ, ನಾವಿಟ್ಟದ್ದು. ರಾತ್ರಿಯೆಲ್ಲ ಓದುತ್ತಾಳೆ, ಹಗಲೆಲ್ಲ ಕ್ಲಾಸಿನಲ್ಲಿ ಕಣ್ಣು ಬಿಟ್ಟುಕೊಂಡೇ ನಿದ್ದೆ ಮಾಡುತ್ತಾಳೆ. ಒಳ್ಳೆಯವಳು. ನನ್ನ ಟೆನ್ಶನ್ನಿಗೆ ಅವಳದೇ ಔಷಧ ಇದೆ. ‘ಏನಾಗುತ್ತೆ ಮಹಾ? ಸಾಯ್ತೀಯಾ? ಇಲ್ವಲ್ಲ? ಮಲಕ್ಕೋ.’

ಈಗ ವಿಷಯಕ್ಕೆ ಬರುತ್ತೇನೆ. ನೀನು ಪ್ಯಾಸೆಂಜರುಗಳಿಗೆಲ್ಲ ‘ನನ್ನ ಮಗಳು ಪೊಲೀಸ್ ಓದು ಓದ್ತಾಳೆ’ ಎಂದು ಹೇಳಿಕೊಂಡು ತಿರುಗುತ್ತೀಯಂತೆ. ಅದು ಅಪರಾಧಶಾಸ್ತ್ರ ಅಮ್ಮ, ಲಾಠಿ ಕೊಡುವುದಿಲ್ಲ, ಸೆಮಿನಾರ್ ಕೊಡುತ್ತಾರೆ. ಟೋಪಿಯೊಳಗೆ ಚೀಟಿ ಹಾಕಿ ಎತ್ತಿಸಿದರು. ಒಬ್ಬಳಿಗೆ ಜೇಬುಗಳ್ಳತನ, ಗೂಬೆಗೆ ಖೋಟಾ ನೋಟು. ನನ್ನ ಕೈಗೆ ಬಂದದ್ದು: ‘ಸರಣಿ ಹಂತಕರು ಕೊಲೆಯ ಜಾಗವನ್ನು ಬೇಕೆಂದೇ ಆರಿಸುತ್ತಾರೆಯೇ?’ ಅರವತ್ತು ಜನರ ಮುಂದೆ ನಿಂತು ಇದಕ್ಕೆ ಉತ್ತರ ಹೇಳಬೇಕು. ಮೂವರ ಮುಂದೆ ಉಪ್ಪು ಕೇಳುವಾಗಲೇ ನನ್ನ ಗಂಟಲು ಕಟ್ಟುತ್ತದೆ, ನಿನಗೆ ಗೊತ್ತು.

ಪಾಠ ಹೇಳುವವರನ್ನು ನಾವು ಚುಕ್ಕಿ ಮೇಷ್ಟ್ರು ಅನ್ನುತ್ತೇವೆ. ಯಾವ ಅಪರಾಧ ಹೇಳಿದರೂ ನಕ್ಷೆ ಬಿಡಿಸಿ ಚುಕ್ಕಿ ಇಡುತ್ತಾರೆ. ‘ಮನುಷ್ಯರು ಸುಳ್ಳು ಹೇಳ್ತಾರಮ್ಮ, ಚುಕ್ಕಿ ಹೇಳಲ್ಲ’ ಎನ್ನುವುದು ಅವರ ಮಂತ್ರ. ನನಗೆ ಅರ್ಥವಾದಷ್ಟನ್ನು ನಿನ್ನ ಭಾಷೆಯಲ್ಲಿ ಹೇಳುತ್ತೇನೆ. ನೀನು ಟೀಗೆ ಬಸ್ ನಿಲ್ಲಿಸುತ್ತೀಯಲ್ಲ, ಆ ಜಾಗ ಆರಿಸಿದ್ದು ಯಾರು? ಎಲ್ಲೆಂದರಲ್ಲಿ ನೀನು ನಿಲ್ಲಿಸುವುದಿಲ್ಲ. ಹಾಗಂತ ಟೀಗೋಸ್ಕರ ದಾರಿ ಬಿಟ್ಟೂ ಹೋಗುವುದಿಲ್ಲ. ನಮ್ಮ ಬೀದಿಯ ಮೂಲೆಯಲ್ಲಂತೂ ಜಪ್ಪಯ್ಯ ಅಂದರೂ ನಿಲ್ಲಿಸುವುದಿಲ್ಲ, ಗುರುತಿನವರು ಮಾತಿಗೆ ಸಿಗುತ್ತಾರೆ ಅಂತ. ಹಂತಕರೂ ಬಹುಪಾಲು ಹೀಗೆಯೇ ಅಂತೆ. ದಿನಾ ಓಡಾಡುವ ದಾರಿ ಬಿಟ್ಟು ಬಹಳ ದೂರ ಹೋಗುವುದಿಲ್ಲ, ಹೊಸ್ತಿಲ ಹತ್ತಿರವೂ ಮಾಡುವುದಿಲ್ಲ. ಹಾಗಾಗಿ ಚುಕ್ಕಿಗಳ ನಡುವೆ ಒಂದು ಖಾಲಿ ಜಾಗ ಉಳಿಯುತ್ತದೆ. ಹುಡುಕಬೇಕಾದ್ದು ಅಲ್ಲೇ.

ಗಂಟಲಿಗೆ ನೀನು ಹೇಳಿದ್ದನ್ನೇ ಮಾಡುತ್ತಿದ್ದೇನೆ. ಬಿಸಿನೀರಿಗೆ ಉಪ್ಪು ಹಾಕಿ ಮುಕ್ಕಳಿಸುವುದು, ಹೊತ್ತೊತ್ತಿಗೂ. ಒಂದು ಜಗ್ಗಿನ ತುಂಬ ಮಾಡಿಟ್ಟುಕೊಂಡು ಕಾರಿಡಾರಿನಲ್ಲಿ ಅತ್ತಿಂದಿತ್ತ ನಡೆಯುತ್ತ ಸೆಮಿನಾರ್ ಬಾಯಿಪಾಠ ಮಾಡುತ್ತೇನೆ. ನೀನು ಹೇಳಿದ್ದಕ್ಕಿಂತ ಉಪ್ಪು ಸ್ವಲ್ಪ ಜಾಸ್ತಿಯೇ ಹಾಕುತ್ತೇನೆ, ಭಯವೂ ಜಾಸ್ತಿ ಇದೆಯಲ್ಲ.

ಇಲ್ಲಿ ಇನ್ನೊಂದು ನಿಜವಾದ ಕೇಸು ನಡೆಯುತ್ತಿದೆ! ನಮ್ಮ ಕಾರಿಡಾರಿನ ಉದ್ದಕ್ಕೂ ವಾರ್ಡನ್ ಮೇಡಂ ಕುಂಡಗಳಲ್ಲಿ ಗಿಡ ಇಟ್ಟಿದ್ದಾರೆ. ಅವರಿಗೆ ಅವು ಮಕ್ಕಳಿದ್ದ ಹಾಗೆ. ಮೊದಲು ಮೆಟ್ಟಿಲ ಹತ್ತಿರದ ಜರೇನಿಯಂ ಹೋಯಿತು. ಆಮೇಲೆ ನೋಟಿಸ್ ಬೋರ್ಡಿನ ಕೆಳಗಿನ ಫರ್ನು. ಎಲೆಯ ಅಂಚು ಸುಟ್ಟ ಹಾಗೆ ಕಂದಾಗಿ, ತಲೆ ಬಾಗಿಸಿ, ಅಷ್ಟೆ. ನಿನ್ನೆ ಮೆಸ್ಸಿನಲ್ಲಿ ಮೇಡಂ ಚಮಚದಿಂದ ಲೋಟ ಬಡಿದು ಎಲ್ಲರನ್ನೂ ಸುಮ್ಮನಾಗಿಸಿದರು.

‘ಇದು ಕಾಯಿಲೆ ಅಲ್ಲ ಕಣ್ರೇ. ಇದು ಕೊಲೆ. ಯಾರೋ ಬೇಕಂತಲೇ ಮಾಡ್ತಿದೀರಿ.’

ಗೂಬೆ ನನ್ನ ಕಿವಿಯಲ್ಲಿ, ‘ನಿನ್ನ ಸೆಮಿನಾರು ಮನೆಬಾಗಿಲಿಗೇ ಬಂತಲ್ಲೇ’ ಅಂದಳು.

ಸಣ್ಣಿಗೆ ನನ್ನ ಮುತ್ತು. ಬೆನ್ನಿನ ಹಿಂದೆ ದಿಂಬು ಇಟ್ಟುಕೊಂಡು ಓಡಿಸು, ಸೊಂಟ ನೋವು ಎಂದು ಕಂಡಕ್ಟರ್ ಮಾವನ ಹತ್ತಿರ ಗೊಣಗಿದ್ದು ನನಗೂ ತಲುಪಿದೆ.

ನಿನ್ನ ದೊಡ್ಡವಳು

ತಾ.ಕ.: ಈ ಜಾಗ ನೆನಪಿದೆಯಾ? ಶಾಲೆಯ ಹಾಸ್ಟೆಲ್ಲಿನಲ್ಲಿ ಭಾನುವಾರ ಎಲ್ಲರೂ ಸಾಲಾಗಿ ಕೂತು ಮನೆಗೆ ಬರೆಯಬೇಕಿತ್ತು. ಅಲ್ಲಿನ ವಾರ್ಡನ್ ಸಹಿಯವರೆಗೆ ಓದಿ ಟಿಕ್ ಹಾಕುತ್ತಿದ್ದರು. ಸಹಿಯ ಮೇಲೆ ‘ಇಲ್ಲಿ ಎಲ್ಲ ಚೆನ್ನಾಗಿದೆ’ ಎಂದಿರುತ್ತಿತ್ತು. ಟಿಕ್ ಬಿದ್ದಮೇಲೆ ಕೆಳಗೆ ‘ಹೊಟ್ಟೆ ನೋಯುತ್ತೆ, ಕರ್ಕೊಂಡು ಹೋಗು’ ಎಂದು ಸೇರಿಸುತ್ತಿದ್ದೆ. ಮುಂದಿನ ವಾರ ನೀನು ಹೊಟ್ಟೆನೋವಿನ ಮಾತ್ರೆ ಕಳಿಸುತ್ತಿದ್ದೆ. ಅವನ್ನೆಲ್ಲ ಕೂಡಿಟ್ಟು ಒಂದು ಮೆಡಿಕಲ್ ಶಾಪ್ ಇಡಬಹುದಿತ್ತು!

ರಜೆಗೆ ಬರುತ್ತೀಯಾ ಎಂದು ಎರಡೂ ಕಾಗದದಲ್ಲಿ ಕೇಳಿದ್ದೀಯ. ಬೇಸಿಗೆಯಲ್ಲೂ ಬರಲಿಲ್ಲ ಎಂದು ನೆನಪಿಸಿದ್ದೀಯ. ಇನ್ನೂ ಗೊತ್ತಿಲ್ಲ ಅಮ್ಮ. ಕೋಪ ಮಾಡಿಕೊಳ್ಳಬೇಡ.


ಅದೇ ರೂಮು
ಭಾನುವಾರ, ನವೆಂಬರ್ 10

ಪ್ರೀತಿಯ ಅಮ್ಮ,

ಈ ಸಲ ತಡವಿಲ್ಲ, ನಿನ್ನ ಕಾಗದ ಬರುವ ಮೊದಲೇ ಬರೆಯುತ್ತಿದ್ದೇನೆ. ಸುದ್ದಿ ಹೊಟ್ಟೆಯಲ್ಲಿ ಇಟ್ಟುಕೊಳ್ಳಲು ಆಗುತ್ತಿಲ್ಲ.

ಇನ್ನೂ ನಾಲ್ಕು ಗಿಡ ಸತ್ತಿವೆ. ಕಿಟಕಿಯ ಹತ್ತಿರದ ಕಳ್ಳಿಗಿಡವೂ ಒಂದು. ಕಳ್ಳಿಯನ್ನೇ ಸಾಯಿಸಬೇಕಾದರೆ ಅವಳೆಂಥ ಘಾತಕಿ ಇರಬೇಕು ಯೋಚಿಸು! ಮೇಡಂ ಮೊನ್ನೆ ಮೆಸ್ಸಿನಲ್ಲಿ ಮತ್ತೆ ಲೋಟ ಬಡಿದರು.

‘ಹಂತಕಿ ಸಿಗೋವರೆಗೂ ಒಬ್ಬರಿಗೂ ರಜೆ ಪಾಸ್ ಇಲ್ಲ. ಅಳಿ, ಅಪ್ಪ ಅಮ್ಮನ್ನ ಕರೆಸಿ, ಏನು ಬೇಕಾದ್ರೂ ಮಾಡ್ಕೊಳ್ಳಿ.’

ಮೆಸ್ಸಿನ ತುಂಬ ಹಾಹಾಕಾರ. ಗೂಬೆ ಆಗಲೇ ಟಿಕೆಟ್ ತೆಗೆಸಿದ್ದಳು, ಚಮಚ ಕೈಯಿಂದ ಬಿತ್ತು. ‘ಆ ಕೊಲೆಗಡುಕಿ ಸಿಗಲಿ, ಕುಂಡದಲ್ಲೇ ಹೂತುಹಾಕ್ತೀನಿ’ ಅಂದಳು. ಎಲ್ಲರೂ ನನ್ನತ್ತ ತಿರುಗಿದರು. ಹಂತಕರ ಮೇಲೆ ಸೆಮಿನಾರ್ ಮಾಡುವವಳು ನಾನೊಬ್ಬಳೇ ಅಲ್ಲವೇ? ‘ಹುಡುಕಿಕೊಡೇ ಪ್ಲೀಸ್’ ಎಂದು ಸೀನಿಯರುಗಳು ಕೂಡ ಕೈ ಹಿಡಿದರು. ನನ್ನ ಜೀವನದಲ್ಲಿ ಇಷ್ಟು ಜನ ನನ್ನ ಹತ್ತಿರ ಮಾತಾಡಿದ್ದು ಅದೇ ಮೊದಲು. ಒಂಥರಾ ಖುಷಿಯಾಯಿತು.

ಸರಿ, ಗೂಬೆ ದೊಡ್ಡ ಚಾರ್ಟಿನ ಮೇಲೆ ಕಾರಿಡಾರ್ ಬರೆದಳು. ಸತ್ತ ಗಿಡಗಳಿಗೆ ಕೆಂಪು ಚುಕ್ಕಿ, ಅವಳ ಲಿಪ್‌ಸ್ಟಿಕ್ಕಿನಿಂದ. ‘ಇಷ್ಟು ಒಳ್ಳೆ ಬಣ್ಣಾನ ಕೊಲೆಗೆ ಖರ್ಚು ಮಾಡ್ತಿದೀನಿ, ನೆನಪಿಟ್ಕೋ’ ಅಂದಳು. ಚುಕ್ಕಿಗಳೆಲ್ಲ ಬಿದ್ದವು. ನಡುವೆ ಖಾಲಿ ಜಾಗ ಹುಡುಕಿದೆವು. ಇತ್ತು. ಅಲ್ಲಿದ್ದ ರೂಮು ಹದಿನಾಲ್ಕು.

ನಮ್ಮ ಬಾಗಿಲ ಮುಂದೆಯೂ ಒಂದು ಕುಂಡ ಇದೆ. ಅದರ ಗಿಡ ಹಸಿರಾಗಿ, ಕೊಬ್ಬಿ, ನಗುತ್ತ ನಿಂತಿದೆ.

ನಾವಿಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು.

‘ನೀನಾ?’ ಅಂದೆ.

‘ನಾನು ಹಗಲು ಎಚ್ಚರ ಇರೋದೇ ಅಪರೂಪ. ನೀನಾ?’

‘ನನಗೆ ಇರುವೆ ತುಳಿದರೂ ನಿದ್ದೆ ಬರಲ್ಲ ಕಣೇ!’

‘ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಂಡ ಹಾಗಾಯ್ತು ನಮ್ಮ ಕಥೆ’ ಎಂದು ಗೂಬೆ ನಕ್ಕಳು. ಆದರೂ ಆ ದಿನ ಇಬ್ಬರೂ ಒಬ್ಬರಿಗೊಬ್ಬರು ಸ್ವಲ್ಪ ಜಾಸ್ತಿ ಮರ್ಯಾದೆ ಕೊಟ್ಟೆವು. ‘ನೀರು ಬೇಕಾ?’ ‘ಇಲ್ಲ, ನೀನು ಕುಡಿ.’ ಹೀಗೆ.

ಚಾರ್ಟು ಸುತ್ತಿಕೊಂಡು ಚುಕ್ಕಿ ಮೇಷ್ಟ್ರ ಹತ್ತಿರ ಹೋದೆ. ಅವರು ಕನ್ನಡಕ ಹಣೆಗೇರಿಸಿ ಬಹಳ ಹೊತ್ತು ನೋಡಿದರು. ಗಿಡದ ವಿಷಯವೆಂದು ನಗಲಿಲ್ಲ, ಅದು ನನಗೆ ಇಷ್ಟವಾಯಿತು.

‘ಏನಮ್ಮ, ಸತ್ತ ಗಿಡ ಲೆಕ್ಕ ಹಾಕಿದ್ದು ಯಾರು?’

‘ನಾವೇ ಸರ್.’

‘ನಿಮ್ಮ ರೂಮಿಂದ ಹೊರಟು, ನೀವು ಓಡಾಡೋ ದಾರೀಲಿ ಕಂಡಿದ್ದಷ್ಟೇ ಬರಕೊಂಡ್ರಿ. ಹಾಗಾದ್ರೆ ಇದು ಕೊಂದವರ ನಕ್ಷೆಯೋ, ಕಂಡವರ ನಕ್ಷೆಯೋ? ಹೋಗಿ, ನೀವು ಕಾಲಿಡದ ಜಾಗಾನೂ ನೋಡ್ಕೊಂಡು ಬನ್ನಿ.’

ಹೊಡೆದ ಹಾಗಾಯಿತು. ಎಷ್ಟು ಸರಿ ಅಲ್ಲವಾ? ಓಡಿಬಂದು ಮೇಲಿನ ಮಹಡಿ, ಹಿಂದಿನ ಬ್ಲಾಕು, ಅಡುಗೆಮನೆಯ ಹಿತ್ತಲು ಎಲ್ಲ ಸುತ್ತಿದೆವು. ಅಲ್ಲಿಯ ಕುಂಡಗಳೆಲ್ಲ ಕ್ಷೇಮ. ಒಂದೂ ಎಲೆ ಬಾಡಿಲ್ಲ. ಅಂದರೆ ನಮ್ಮ ನಕ್ಷೆ ಸುಳ್ಳಲ್ಲ ಅಮ್ಮ. ಘಾತಕಿ ನಮ್ಮ ಕಾರಿಡಾರಿನವಳೇ, ನಮ್ಮ ಬಾಗಿಲ ಆಸುಪಾಸಿನವಳೇ. ‘ನಾಳೆಯಿಂದ ನಾನು ಹಗಲು ಎಚ್ಚರ ಇರ್ತೀನಿ’ ಎಂದು ಗೂಬೆ ಘೋಷಿಸಿದ್ದಾಳೆ. ಇದಕ್ಕಿಂತ ದೊಡ್ಡ ತ್ಯಾಗ ಈ ಹಾಸ್ಟೆಲ್ಲು ಕಂಡಿಲ್ಲ.

ಸೆಮಿನಾರ್ ಇನ್ನೂ ಅರ್ಧಕ್ಕೇ ನಿಲ್ಲುತ್ತದೆ. ಮೊದಲನೇ ಪ್ಯಾರಾ ನೀರಿನಂತೆ ಬರುತ್ತದೆ, ಎರಡನೆಯದಕ್ಕೆ ಬಂದರೆ ಗಂಟಲಿಗೆ ಬೀಗ. ನಿಂತು ಉಸಿರೆಳೆದುಕೊಂಡು ಮತ್ತೆ ಶುರು ಮಾಡುತ್ತೇನೆ. ಉಪ್ಪುನೀರು ಮಾತ್ರ ಬಿಟ್ಟಿಲ್ಲ.

ನಿನ್ನ ಮಿರರಿನಲ್ಲಿ ಯಾವಾಗಲೂ ಒಳ್ಳೆಯ ಮುಖಗಳೇ ಕಾಣಲಿ.

ನಿನ್ನ ದೊಡ್ಡವಳು

ತಾ.ಕ.: ರಜೆಯ ವಿಷಯ. ಪಾಸ್ ಇಲ್ಲ ಅಂದಮೇಲೆ ಬರುವುದು ಹೇಗೆ? ನನ್ನ ಕೈಯಲ್ಲಿ ಏನೂ ಇಲ್ಲ ನೋಡು. ಸಣ್ಣಿಗೂ ಹಾಗೇ ಹೇಳು.


ಅದೇ ರೂಮು
ಶನಿವಾರ, ನವೆಂಬರ್ 23

ಪ್ರೀತಿಯ ಅಮ್ಮ,

ಎರಡು ವಾರ ಸುಮ್ಮನಿದ್ದದ್ದಕ್ಕೆ ಕ್ಷಮಿಸು. ದಿನಾ ನೀರು ಹೊತ್ತು ಹೊತ್ತು ಪೆನ್ನು ಹಿಡಿಯಲು ಕೈಯಲ್ಲಿ ಶಕ್ತಿ ಇರಲಿಲ್ಲ. ಯಾಕೆ ಎಂದು ಹೇಳುತ್ತೇನೆ. ನಗಬೇಡ. ಸರಿ, ನಗು, ಆದರೆ ಬಸ್ ನಿಲ್ಲಿಸಿ ನಗು.

ಘಾತಕಿ ಸಿಕ್ಕಿದಳು.

ಗೂಬೆ ಮಾತಿಗೆ ತಪ್ಪಲಿಲ್ಲ. ಸೋಮವಾರ ಬೆಳಿಗ್ಗೆ ಕಾರಿಡಾರಿನ ಕೊನೆಯ ಬೆಂಚಿನ ಮೇಲೆ ಕಣ್ಣು ಅಗಲಿಸಿ ಕೂತಿದ್ದಳು. ನಾನು ಎಂದಿನ ಹಾಗೆ ಜಗ್ಗು ಹಿಡಿದು, ಮುಕ್ಕಳಿಸಿ, ‘ಗೌರವಾನ್ವಿತ ಅಧ್ಯಾಪಕರೇ’ ಎಂದು ಶುರು ಮಾಡಿ ನಡೆಯುತ್ತಿದ್ದೆ. ನಮ್ಮ ಬಾಗಿಲು ದಾಟಿದೆ, ಮೊದಲನೇ ಪ್ಯಾರಾ ದಾಟಿದೆ, ನೋಟಿಸ್ ಬೋರ್ಡಿನ ಹತ್ತಿರ ಮಾತು ಸಿಕ್ಕಿಕೊಂಡಿತು. ನಿಂತೆ. ಜಗ್ಗಿನಲ್ಲಿದ್ದದ್ದು ಆರಿಹೋಗಿತ್ತು. ಅದನ್ನು ಪಕ್ಕದ ಕುಂಡಕ್ಕೆ ಸುರಿದು, ಹೊಸ ಬಿಸಿನೀರು ತರಲು ತಿರುಗಿದೆ.

ಬೆಂಚಿನ ಮೇಲಿಂದ ಗೂಬೆಯ ಧ್ವನಿ: ‘ಅಲ್ಲ ಕಣೇ... ಈಗೇನು ಮಾಡಿದೆ ನೀನು?’

‘ಏನು? ನೀರು ಗಿಡಕ್ಕೆ ಹಾಕಿದೆ. ವೇಸ್ಟ್ ಮಾಡಬಾರದಲ್ಲ.’

‘ಎಂಥ ನೀರು?’

ಅಮ್ಮ, ನನಗೆ ಆಗಲೂ ಹೊಳೆಯಲಿಲ್ಲ! ‘ಬಿಸಿ ಆರಿದ ನೀರು’ ಅಂದೆ. ಅವಳು ಎದ್ದು ಬಂದು ಜಗ್ಗಿನ ತಳಕ್ಕೆ ಬೆರಳಿಟ್ಟು ನೆಕ್ಕಿ, ಮುಖ ಕಿವುಚಿ, ನೆಲದ ಮೇಲೆ ಕೂತು ನಗಲು ಶುರು ಮಾಡಿದಳು. ಕಣ್ಣಲ್ಲಿ ನೀರು ಬರುವವರೆಗೆ ನಕ್ಕಳು. ‘ಕಂಕುಳಲ್ಲಿ ಕೂಸು ಇಟ್ಕೊಂಡು ಊರೆಲ್ಲ ಹುಡುಕಿದ್ವಲ್ಲೇ!’

ಶಾಲೆಯ ಹಾಸ್ಟೆಲ್ಲುಗಳಲ್ಲಿ ನೀರಿಗೆ ಎಂಥ ಬರ ಇತ್ತು, ಗೊತ್ತಲ್ಲ. ಲೋಟದ ತಳದ ಗುಟುಕನ್ನೂ ಚೆಲ್ಲುವ ಹಾಗಿರಲಿಲ್ಲ, ಗಿಡದ ಬುಡಕ್ಕೇ ಹೋಗಬೇಕಿತ್ತು. ಹನ್ನೆರಡು ವರ್ಷದ ಅಭ್ಯಾಸ, ಕೈ ತಾನಾಗಿ ಕುಂಡದ ಕಡೆ ಹೋಗುತ್ತದೆ. ಹಾಸ್ಟೆಲ್ಲಿನ ನಿಯಮ ಒಂದು, ನಿನ್ನ ಮನೆಮದ್ದು ಒಂದು. ಎರಡೂ ಒಳ್ಳೆಯವೇ. ಎರಡೂ ಸೇರಿ ಆರು ಗಿಡ ಕೊಂದವು.

ಗೂಬೆ ಚಾರ್ಟು ತೆಗೆದು ಇನ್ನೊಂದು ಸಲ ನೋಡಿದಳು. ನನ್ನನ್ನು ಸೆಮಿನಾರ್ ಹೇಳುತ್ತ ನಡೆಯಲು ಹೇಳಿ ಹಿಂದೆ ಬಂದಳು. ‘ನೋಡೇ, ನೀನು ಎಲ್ಲೆಲ್ಲಿ ತೊದಲ್ತೀಯೋ ಅಲ್ಲಲ್ಲೇ ಚುಕ್ಕಿ. ನಮ್ಮ ಬಾಗಿಲ ಗಿಡ ಯಾಕೆ ಬದುಕಿದೆ ಹೇಳು? ಅಲ್ಲಿ ನೀನು ಇನ್ನೂ ಹೆದರಿರಲ್ಲ.’

ಆ ದಿನವೇ ಮೇಡಂ ಹತ್ತಿರ ಹೋಗಿ ಹೇಳಬೇಕೆಂದುಕೊಂಡೆ. ಅವರ ಬಾಗಿಲವರೆಗೆ ಹೋದೆ, ವಾಪಸ್ಸು ಬಂದೆ. ಮಂಗಳವಾರವೂ ಅದೇ. ಗೂಬೆ ಮಾತ್ರ ಬಾಯಿ ಬಿಡಲಿಲ್ಲ. ‘ನೀನೇ ಹೇಳಬೇಕು. ಆದರೆ ಬೇಗ ಹೇಳು, ನನ್ನ ಟಿಕೆಟ್ಟು ಹಾಳಾಗುತ್ತೆ.’

ಬುಧವಾರ ಸೆಮಿನಾರ್. ಗೂಬೆ ಅದೇನು ಹೇಳಿದಳೋ, ವಾರ್ಡನ್ ಮೇಡಂ ಬಂದು ಹಿಂದಿನ ಬೆಂಚಿನಲ್ಲಿ ಕೂತಿದ್ದರು. ‘ಗೌರವಾನ್ವಿತ ಅಧ್ಯಾಪಕರೇ’ ಅಂದೆ. ಮೊದಲನೇ ಪ್ಯಾರಾ ಮುಗಿಯಿತು. ಎರಡನೆಯದು ಬರಲಿಲ್ಲ. ಎಲ್ಲರೂ ಕಾದರು. ಪಕ್ಕದಲ್ಲಿ ಸುರಿಯಲು ಕುಂಡವೂ ಇರಲಿಲ್ಲ.

ಆಗ ನನ್ನ ಬಾಯಿಂದ ಬಂದದ್ದು ಬರೆದುಕೊಂಡಿದ್ದಲ್ಲ. ‘ನನಗೊಬ್ಬ ಹಂತಕಿ ಗೊತ್ತು. ಅವಳು ಜಾಗ ಹೇಗೆ ಆರಿಸ್ತಾಳೆ ಅಂತ ನಾನು ಹೇಳಬಲ್ಲೆ. ಯಾಕಂದ್ರೆ ಅವಳು ನಾನೇ.’

ಚಾರ್ಟು ಬಿಡಿಸಿ ಗೋಡೆಗೆ ಅಂಟಿಸಿದೆ. ಲಿಪ್‌ಸ್ಟಿಕ್ ಚುಕ್ಕಿ, ಜಗ್ಗು, ಉಪ್ಪು, ನೀರಿನ ಬರ, ತೊದಲು, ಎಲ್ಲ ಹೇಳಿದೆ. ಕ್ಲಾಸು ಬಿದ್ದು ಬಿದ್ದು ನಗುತ್ತಿತ್ತು, ಆದರೆ ನನ್ನನ್ನು ನೋಡಿ ನಗುತ್ತಿಲ್ಲ, ನನ್ನ ಜೊತೆ ನಗುತ್ತಿದೆ ಎಂದು ಗೊತ್ತಾಗುತ್ತಿತ್ತು. ಆ ವ್ಯತ್ಯಾಸ ನನಗೆ ಅಲ್ಲಿಯವರೆಗೆ ತಿಳಿದಿರಲಿಲ್ಲ. ಧ್ವನಿ ಎಲ್ಲಿತ್ತೋ ಏನೋ, ಬಂತು ಅಮ್ಮ. ಬೆಲ್ ಹೊಡೆದರೂ ನಿಲ್ಲಲಿಲ್ಲ.

ಹಿಂದಿನ ಬೆಂಚಿನಿಂದ ಮೇಡಂ ಎದ್ದರು. ‘ಉಪ್ಪೇನೇ! ಉಪ್ಪು ಹಾಕಿ ಸಾಯಿಸಿದ್ಯೇನೇ ನನ್ನ ಮಕ್ಕಳನ್ನ!’

‘ತಪ್ಪಾಯ್ತು ಮೇಡಂ. ನೀರು ಹಾಕ್ತಿದೀನಿ ಅಂತಲೇ ಅಂದ್ಕೊಂಡಿದ್ದೆ.’

ಬೈಗುಳ ಬರುತ್ತದೆ ಎಂದು ಕಣ್ಣು ಮುಚ್ಚಿಕೊಂಡೆ. ‘ಉಪ್ಪು ತಿಂದವರು ನೀರು ಕುಡೀಲೇಬೇಕು. ಉಪ್ಪು ಹಾಕಿದವರು ನೀರು ಹೊರಲೇಬೇಕು’ ಅಂದರು. ಅದೇ ಶಿಕ್ಷೆ. ಕುಂಡದ ಮಣ್ಣಿನ ಉಪ್ಪು ತೊಳೆದು ಹೋಗುವವರೆಗೆ ಬಕೆಟ್ಟು ಬಕೆಟ್ಟು ಸಿಹಿನೀರು ಹೊರುತ್ತಿದ್ದೇನೆ. ಗೂಬೆ ಜೊತೆಗೆ ಬರುತ್ತಾಳೆ, ಹೊರುವುದಿಲ್ಲ, ‘ಇನ್ನೊಂದ್ ಸ್ವಲ್ಪ ಬಲಕ್ಕೆ’ ಎಂದು ಉಸ್ತುವಾರಿ ಮಾಡುತ್ತಾಳೆ. ನಿನ್ನೆ ಆ ಫರ್ನಿನ ಬುಡದಲ್ಲಿ ಒಂದು ಸುರುಳಿ, ಉಗುರಿನಷ್ಟು ಹಸಿರು, ಎದ್ದಿದೆ. ಮೇಡಂ ಅದನ್ನು ಕಂಡು ನನಗೆ ಎರಡು ಬಿಸ್ಕತ್ತು ಕೊಟ್ಟರು. ನಮ್ಮ ಮೇಡಂ ಲೆಕ್ಕದಲ್ಲಿ ಅದು ಪದಕ.

ಎಲ್ಲರಿಗೂ ರಜೆ ಪಾಸ್ ಸಿಕ್ಕಿದೆ. ನನಗೂ.

ಸೆಮಿನಾರ್ ಮುಗಿದಮೇಲೆ ಚುಕ್ಕಿ ಮೇಷ್ಟ್ರು ಒಂದೇ ಪ್ರಶ್ನೆ ಕೇಳಿದರು. ‘ಹಾಗಾದ್ರೆ ನಿನ್ನ ಉತ್ತರ ಏನಮ್ಮ? ಬೇಕಂತಲೇ ಆರಿಸ್ತಾರಾ?’

‘ದಾರಿ ಆರಿಸೋದಿಲ್ಲ ಸರ್. ದಾರಿ ಮೊದಲೇ ಇರುತ್ತೆ. ಆದ್ರೆ ದಾರೀಲಿ ಎಲ್ಲಿ ನಿಲ್ಲಬೇಕು ಅನ್ನೋದು ಒಳಗಿರೋ ಏನೋ ಒಂದು ಆರಿಸುತ್ತೆ. ನನಗೆ ಭಯ ಆರಿಸ್ತು.’

‘ಗಿಡ ಸತ್ತಿದ್ರಿಂದ ನಿನಗೇನಾದ್ರೂ ಲಾಭ ಇತ್ತಾ?’

‘ಇಲ್ಲ ಸರ್’ ಅಂದೆ. ಮತ್ತೆ ಎಲ್ಲರೂ ನಕ್ಕರು. ಮೇಷ್ಟ್ರು ಮಾತ್ರ ನಗಲಿಲ್ಲ, ನೋಡಿದರು.

ಸಣ್ಣಿಗೆ ಹೇಳು, ಅವಳ ಅಕ್ಕ ಫೇಮಸ್ ಆಗಿದ್ದಾಳೆ, ಕಾರಿಡಾರಿನಲ್ಲಿ ಹೋದರೆ ಹುಡುಗಿಯರು ತಮ್ಮ ನೀರಿನ ಬಾಟಲಿ ಬಚ್ಚಿಡುತ್ತಾರೆ. ನಿನ್ನ ಬ್ರೇಕು ಗಟ್ಟಿಯಾಗಿರಲಿ, ರಸ್ತೆ ಖಾಲಿಯಾಗಿರಲಿ, ಸೊಂಟ ನೋಯದಿರಲಿ. ಹರಸುವುದು ದೊಡ್ಡವರ ಕೆಲಸ, ಗೊತ್ತು, ಆದರೆ ನಾನೂ ಈಗ ಸ್ವಲ್ಪ ದೊಡ್ಡವಳಾದ ಹಾಗೆ ಅನ್ನಿಸುತ್ತಿದೆ.

ನಿನ್ನ ದೊಡ್ಡವಳು

ತಾ.ಕ.: ಲಾಭ ಇತ್ತು ಅಮ್ಮ. ಪಾಸ್ ಇಲ್ಲ ಎಂದು ಮೇಡಂ ಲೋಟ ಬಡಿದಾಗ ಇಡೀ ಮೆಸ್ಸಿನಲ್ಲಿ ಸಮಾಧಾನವಾದದ್ದು ನನಗೊಬ್ಬಳಿಗೇ. ನಿನಗೆ ‘ಬರ್ತೀನಿ’ ಅಥವಾ ‘ಬರಲ್ಲ’ ಎಂದು ಬರೆಯುವುದು ತಪ್ಪಿತಲ್ಲ ಅಂತ.

ನಿನ್ನೆ ಚಾರ್ಟಿನ ಹಿಂಬದಿ ಖಾಲಿ ಇತ್ತು. ಸುಮ್ಮನೆ ನಮ್ಮ ಮನೆ ಬರೆದು, ನಾನಿದ್ದ ಮೂರು ಶಾಲೆಗಳ ಹಾಸ್ಟೆಲ್ಲುಗಳಿಗೆ ಒಂದೊಂದು ಚುಕ್ಕಿ ಇಟ್ಟೆ. ನೀನು ನನ್ನನ್ನು ಎಲ್ಲೆಲ್ಲಿಗೋ ಎಸೆದೆ ಎಂದು ನಾನು ಇಷ್ಟು ವರ್ಷ ಅಂದುಕೊಂಡಿದ್ದೆ. ಮೂರು ಚುಕ್ಕಿಯೂ ಒಂದೇ ಗೆರೆಯ ಮೇಲೆ ಕೂತವು. ಅದು ನಿನ್ನ ಬಸ್ಸಿನ ರೂಟು. ಮೊದಲನೇ ಹಾಸ್ಟೆಲ್ಲಿನಲ್ಲಿ ಸಂಜೆ ಓದುವ ಹೊತ್ತಿಗೆ ಗೇಟಿನಾಚೆ ಒಂದು ಬಸ್ಸು ಉದ್ದಕ್ಕೆ ಹಾರ್ನ್ ಹೊಡೆದುಕೊಂಡು ಹೋಗುತ್ತಿತ್ತು. ವಾರ್ಡನ್ ಬೈಯುತ್ತಿದ್ದರು, ಅವರ ಜೊತೆ ನಾನೂ ಬೈಯುತ್ತಿದ್ದೆ. ಅದು ನೀನಾ?

ಆದರೆ ಮನೆಯ ಸುತ್ತ ಖಾಲಿ ಜಾಗವೂ ಇದೆ ಅಮ್ಮ. ನಮ್ಮ ಹಿತ್ತಲ ಗೋಡೆಯ ಆಚೆಗೇ ಸಣ್ಣಿಯ ಶಾಲೆ ಇದೆ. ಅದರ ಗಂಟೆ ನಮ್ಮ ಅಡುಗೆಮನೆಗೆ ಕೇಳುತ್ತದೆ. ಅಪ್ಪ ಹೋದಾಗ ಅವಳು ಕೂಸು, ಅಜ್ಜಿಗೆ ಇಬ್ಬರನ್ನು ನೋಡಿಕೊಳ್ಳಲು ಆಗುತ್ತಿರಲಿಲ್ಲ, ಅದು ನನಗೆ ಅರ್ಥವಾಗುತ್ತದೆ. ಅವಳನ್ನು ಆ ಶಾಲೆಗೆ ಸೇರಿಸಿದ ವರ್ಷ ನನ್ನನ್ನೂ ಕರೆಸಿಕೊಳ್ಳುತ್ತೀಯ ಎಂದು ನಾನು ಟ್ರಂಕು ತುಂಬಿಟ್ಟುಕೊಂಡಿದ್ದೆ. ನೀನು ಬಂದೆ, ಆ ಟ್ರಂಕನ್ನು ಎತ್ತಿಕೊಂಡು ಹೋಗಿ ಎರಡನೇ ಹಾಸ್ಟೆಲ್ಲಿನಲ್ಲಿ ಇಳಿಸಿದೆ. ಅದು ಬೇಕಂತಲೇ ಆರಿಸಿದ್ದಾ, ಇಲ್ಲ ದಾರಿಯಲ್ಲಿ ಸಿಕ್ಕಿದ್ದಾ?

ಇದಕ್ಕೆ ಕಾಗದದಲ್ಲಿ ಉತ್ತರ ಬರೆಯಬೇಡ. ಮಾತ್ರೆಯನ್ನೂ ಕಳಿಸಬೇಡ. ನಾನು ಬರುತ್ತಿದ್ದೇನೆ. ಶುಕ್ರವಾರ ಮಧ್ಯಾಹ್ನದ ನಿನ್ನ ಟ್ರಿಪ್ಪಿಗೇ ಹತ್ತುತ್ತೇನೆ, ನಿನ್ನ ಹಿಂದಿನ ಸೀಟನ್ನು ಹಿಡಿದಿಡಲು ಕಂಡಕ್ಟರ್ ಮಾವನಿಗೆ ಹೇಳು. ಬಸ್ಸು ಓಡುವಾಗ ಪ್ರಯಾಣಿಕರು ಚಾಲಕರೊಡನೆ ಮಾತನಾಡಬಾರದು ಎಂದು ನಿನ್ನ ತಲೆಯ ಮೇಲೆ ಬೋರ್ಡಿದೆ. ನಾನು ಮಾತಾಡುವುದಿಲ್ಲ. ಚಾಲಕರು ಮಾತಾಡಬಾರದು ಎಂದು ಎಲ್ಲೂ ಬರೆದಿಲ್ಲ. ರಸ್ತೆ ನೋಡಿಕೊಂಡೇ ಹೇಳು ಅಮ್ಮ, ನನ್ನ ಮುಖ ನೋಡಬೇಕಾಗಿಲ್ಲ.